ಅಂದಾನಿ ಮೇಷ್ಟ್ರ ಗಂಟಲು

ಅಂದಾನಿ ಮೇಷ್ಟ್ರ ಗಂಟಲು ಕೆಟ್ಟಿದ್ದಕ್ಕೆ ಕಾರಣ ಒಂದು ಲೋಟ ನನ್ನಾರಿ ಶರಬತ್ತು.

ಮೈಸೂರು ಕಡೆ ಸೊಗದೆ ಬೇರು ಅನ್ನುವುದಕ್ಕೇ ಚೆನ್ನೈಯಲ್ಲಿ ನನ್ನಾರಿ ಅನ್ನುತ್ತಾರೆ. ಮೈಗೆ ತಂಪು, ಕುಡಿದರೆ ಒಳ್ಳೆಯದೇ. ಆದರೆ ಶನಿವಾರ ಸಂಜೆ ನಾಟಕದ ಕೊನೆಯ ತಾಲೀಮು ಮುಗಿಸಿ, ಬೆವರಿನಲ್ಲಿ ಅದ್ದಿ ತೆಗೆದವರ ಹಾಗೆ ಹೊರಬಂದ ಮೇಷ್ಟ್ರು ಮಾಂಬಲಂ ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ನಿಂತು "ಐಸು ಸ್ವಲ್ಪ ಜಾಸ್ತಿ" ಅಂದುಬಿಟ್ಟರು. ಅಂಗಡಿಯವನು ಉದಾರಿ. ಲೋಟದಲ್ಲಿ ಶರಬತ್ತಿಗಿಂತ ಐಸೇ ಹೆಚ್ಚಿತ್ತು.

ಭಾನುವಾರ ಬೆಳಗ್ಗೆ ಎದ್ದು "ಅನೂ, ಕಾಫಿ" ಅಂತ ಕೂಗಲು ಬಾಯಿ ತೆರೆದರೆ, ವರ್ಷಗಟ್ಟಲೆ ಮುಚ್ಚಿದ್ದ ಗೋಡೌನಿನ ಷಟರ್ ಎತ್ತಿದ ಹಾಗೆ ಒಂದು ಸದ್ದು ಬಂತು. ಅಡುಗೆಮನೆಯಲ್ಲಿದ್ದ ಹೆಂಡತಿ ಅನು, ಪಕ್ಕದ ಫ್ಲಾಟಿನವರು ಮಂಚ ಎಳೆಯುತ್ತಿದ್ದಾರೆ ಅಂದುಕೊಂಡು ಸುಮ್ಮನಿದ್ದಳು.

ಬೇರೆ ಯಾರ ಗಂಟಲಾದರೂ ಕೆಟ್ಟಿದ್ದರೆ ಇದು ಕತೆಯಾಗುತ್ತಿರಲಿಲ್ಲ. ಆದರೆ ಅಂದಾನಿಯವರು ಬದುಕುತ್ತಿದ್ದದ್ದೇ ಗಂಟಲಿನಿಂದ. ಅನುವಿಗೆ ಬ್ಯಾಂಕಿನಲ್ಲಿ ಚೆನ್ನೈಗೆ ವರ್ಗವಾದಾಗ ಅವರೂ ಮೈಸೂರಿನ ನಾಟಕದ ಕೆಲಸ ಬಿಟ್ಟು ಅವಳ ಹಿಂದೆ ಬಂದವರು. ಇಲ್ಲಿ ಒಂದು ಶಾಲೆಯಲ್ಲಿ ವಾರಕ್ಕೊಂದು ಕ್ಲಾಸು, ಇನ್ನೊಂದು ಅಪಾರ್ಟ್‌ಮೆಂಟಿನಲ್ಲಿ ಬೇಸಿಗೆ ಶಿಬಿರ, ಹೀಗೆ ತುಂಡುತುಂಡಾಗಿ ನಾಟಕ ಕಲಿಸುತ್ತಿದ್ದರು. ಮನಸ್ಸಿಗೆ ಹತ್ತಿರವಾದದ್ದು ಮಾತ್ರ ವೆಸ್ಟ್ ಮಾಂಬಲಮ್ಮಿನ ಕನ್ನಡ ಬಳಗದ ಭಾನುವಾರದ ಕ್ಲಾಸು. ಅಲ್ಲಿಗೆ ಬರುವವರಲ್ಲಿ ಯಾರೂ ನಟರಲ್ಲ. ಅವರನ್ನು ಕಟ್ಟಿಕೊಂಡು ಮೇಷ್ಟ್ರು ‘ಜಲೋದಯ’ ಎಂಬ ಹೊಸ ನಾಟಕ ಬರೆದಿದ್ದರು. ಓಣಿಯ ಜನ ನೀರಿನ ಲಾರಿಗಾಗಿ ಕಾಯುತ್ತಾರೆ, ಲಾರಿ ಬರುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡದೆ ಇದ್ದವರು ಕೊಡದ ಸಾಲಿನಲ್ಲಿ ನಿಂತು ಮಾತಿಗೆ ಬೀಳುತ್ತಾರೆ, ಕಡೆಗೆ ಲಾರಿ ಬರುವಷ್ಟರಲ್ಲಿ ಎಲ್ಲರೂ ಒಂದೇ ಮನೆಯವರಂತಾಗಿರುತ್ತಾರೆ. ಕತೆ ಸರಳವಾಗಿತ್ತು. ಭಾಷೆ ಮಾತ್ರ ರಾಜನ ಆಸ್ಥಾನದಿಂದ ಇಳಿದು ಬಂದಂತಿತ್ತು.

"ಎಲೈ ಜಲಧಾರೆಯೇ, ನಿನ್ನ ಆಗಮನಕ್ಕಾಗಿ ಎನ್ನ ಘಟವು ಬಾಯ್ದೆರೆದು ಕಾದಿಹುದು" ಎಂಬುದು ಕೌಸಲ್ಯಾ ಅಜ್ಜಿಯ ಮೊದಲ ಮಾತು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮನೆತನದ ಆ ಅಜ್ಜಿ ಮೊದಲ ದಿನವೇ ಕೇಳಿದ್ದರು: "ಮಾಷ್ಟ್ರೇ, ಘಟಂ ಅಂದ್ರೆ ಕಚೇರೀಲಿ ಹೊಟ್ಟೆ ಮೇಲಿಟ್ಕೊಂಡು ಬಾರಿಸ್ತಾರಲ್ಲಾ, ಅದೋ?"

ಅಂಥ ಮಾತು ಯಾರಿಗೂ ಬಾಯಿಪಾಠ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. ಮೇಷ್ಟ್ರು ಪಕ್ಕದ ಪರದೆಯ ಹಿಂದೆ ನಿಂತು ಪ್ರತಿಯೊಂದು ಮಾತನ್ನೂ ಪಿಸುದನಿಯಲ್ಲಿ ಹೇಳಿಕೊಡುತ್ತಿದ್ದರು. ಆ ಪಿಸುದನಿ ಎಂಥದ್ದೆಂದರೆ, ರಂಗದ ಮೇಲಿರುವವರ ಕಿವಿಗೆ ನೇರವಾಗಿ ಇಳಿಯುತ್ತಿತ್ತು, ಮುಂದಿನ ಸಾಲಿನಲ್ಲಿ ಕೂತವರಿಗೆ ಗಾಳಿಯೂ ಸೋಂಕುತ್ತಿರಲಿಲ್ಲ. ನಟರು ಹಿಂದಿನಿಂದ ಬಂದದ್ದನ್ನು ಮುಂದಕ್ಕೆ ದಾಟಿಸಿದರೆ ಮುಗಿಯಿತು.

ಪ್ರದರ್ಶನ ಇವತ್ತು ಸಂಜೆ. ಅದನ್ನು ನೋಡಲು ತಾಂಬರಮ್ಮಿನಿಂದ ರತ್ನಾವತಿ ಎಂಬವರು ಬರುವವರಿದ್ದರು. ಅವರು ಅಲ್ಲೊಂದು ಶಾಲೆ ನಡೆಸುತ್ತಾರೆ. ಶಾಲೆಗೊಬ್ಬ ಕಾಯಂ ನಾಟಕದ ಮೇಷ್ಟ್ರು ಬೇಕು. ನಾಟಕ ಹಿಡಿಸಿದರೆ ಕೆಲಸ ಅಂದಾನಿಯವರದೇ. ತುಂಡುತುಂಡು ಬದುಕು ಒಂದು ಕಡೆ ನೆಲೆ ನಿಲ್ಲುವ ದಿನವದು.

"ಉಪ್ಪುನೀರು ಮುಕ್ಕಳಿಸಿ. ಬಾಯಿ ಮುಚ್ಕೊಂಡಿರಿ. ಸಂಜೆ ಹೊತ್ತಿಗೆ ಸರಿಹೋಗತ್ತೆ" ಅಂದಳು ಅನು.

ಆ ಸಲಹೆ ಪಾಲಿಸಿದ್ದರೆ ಸರಿಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಕೆಳಗಿನ ಮನೆಯ ಶಿವಲಿಂಗಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದರು. ಮಗಳ ಮನೆಯಲ್ಲಿರಲು ಮಂಡ್ಯದ ಕಡೆಯಿಂದ ಬಂದವರು. ನಾಟಕದಲ್ಲಿ ಸೊಪ್ಪು ಮಾರುವವಳ ಪಾತ್ರ ಅವರದು. ಮೇಷ್ಟ್ರ ಬಾಯಿಂದ ಷಟರ್ ಎತ್ತಿದ ಸದ್ದು ಕೇಳಿ ಹೆಪ್ಪಿನ ಬಟ್ಟಲು ಅಲ್ಲೇ ಬಿಟ್ಟರು.

"ಅಯ್ಯೋ ನಮ್ಮಪ್ಪಾ! ಗಂಟ್ಲು ಕಟ್ಕೋಯ್ತಾ? ನೀವ್ ಮಾತಾಡ್ದೆ ಇದ್ರೆ ನಾವ್ ಎಂಗ್ ಮಾತಾಡಾದು? ತಡೀರಿ, ಬಜೆ ತತ್ತೀನಿ."

"ಬಜೆ ಮಕ್ಕಳಿಗಲ್ವಾ ಹಚ್ಚೋದು?" ಅಂದಳು ಅನು.

"ಮಾತು ಬರ್ನಿ ಅಂತ ಹಚ್ಚಾದು ಕನವ್ವ. ಮಗ್ವಾದ್ರೇನು, ಮೇಷ್ಟ್ರಾದ್ರೇನು!"

ಬಜೆಯ ಬೇರನ್ನು ಸುಟ್ಟು, ತೇದು, ನಾಲಿಗೆಯ ಮೇಲೆ ಅವರು ದಪ್ಪಗೆ ಬಳಿದರು. ಹಸುಗೂಸಿಗೆ ಒಂದು ಗೆರೆ ಎಳೆಯುವುದಾದರೆ ಇಷ್ಟು ದೊಡ್ಡ ಆಳಿಗೆ ಎಷ್ಟು ಬೇಕೆಂಬುದು ಅವರದೇ ಲೆಕ್ಕ. ಮೇಷ್ಟ್ರ ನಾಲಿಗೆ ಒದ್ದೆ ಗೋಣಿಯಂತೆ ಬಾಯಲ್ಲಿ ಬಿದ್ದುಕೊಂಡಿತು. ಅವರು ಬೇಡ ಅನ್ನಲಿಲ್ಲ. ಮೊದಲನೆಯದಾಗಿ, ಅನ್ನಲು ಆಗುತ್ತಿರಲಿಲ್ಲ. ಎರಡನೆಯದು, ಶಿವಲಿಂಗಮ್ಮನ ಕಣ್ಣಿನಲ್ಲಿ ಅಷ್ಟು ಪ್ರೀತಿಯಿತ್ತು. ಊರು ಬಿಟ್ಟು ಬಂದು ಬಾಲ್ಕನಿಯಲ್ಲಿ ಒಬ್ಬರೇ ಕೂತಿರುತ್ತಿದ್ದ ಆಕೆಯನ್ನು ಮೇಷ್ಟ್ರೇ ನಾಟಕಕ್ಕೆ ಎಳೆದುತಂದಿದ್ದರು. ಆ ಋಣ ತೀರಿಸಲು ಆಕೆ ಸಂದರ್ಭ ಕಾಯುತ್ತಿದ್ದರು. ಸಂದರ್ಭ ಸಿಕ್ಕಿತ್ತು.

ಸುದ್ದಿ ಬಳಗದ ವಾಟ್ಸಾಪ್ ಗುಂಪಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಕೌಸಲ್ಯಾ ಅಜ್ಜಿ ಫ್ಲಾಸ್ಕು ಹಿಡಿದು ಬಂದರು. ಹಿಂದೆ ಅವರ ಯಜಮಾನರು ಹರಿದಾಸರು, ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರ ಹಿಂದೆ ಕಾಲೇಜಿಗೆ ಹೋಗುವ ಮೊಮ್ಮಗಳು ಅಕ್ಷಯಾ.

"ಏನ್ ಮಾಷ್ಟ್ರೇ, ತೊಂಡೆ ಕೆಟ್ಟುಹೋಯ್ತಂತೆ?" ಅಂದರು ಅಜ್ಜಿ.

ಮೇಷ್ಟ್ರು ಗಾಬರಿಯಿಂದ ಅನುವಿನ ಕಡೆ ನೋಡಿದರು. ನಿನ್ನೆ ತಂದ ತೊಂಡೆಕಾಯಿ ಫ್ರಿಜ್ಜಿನಲ್ಲಿ ಚೆನ್ನಾಗೇ ಇತ್ತಲ್ಲ!

"ಥ್ರೋಟ್, ಸಾರ್" ಅಂದಳು ಅಕ್ಷಯಾ. "ಪಾಟಿ ತೊಂಡೈ ಅಂತಾರೆ." ಪಾಟಿ ಎಂದರೆ ಅಜ್ಜಿ. ಕನ್ನಡದ ಒಂದು ವಾಕ್ಯ ಅವಳ ಬಾಯಿಂದ ಬರುವುದೆಂದರೆ ಹೀಗೆ ಅರ್ಧ. ಎಲ್ಲವೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ನಾಟಕದಲ್ಲಿ ಅವಳ ಪಾತ್ರಕ್ಕೆ ಮೇಷ್ಟ್ರು ಮಾತೇ ಇಟ್ಟಿರಲಿಲ್ಲ. ಕೊಡ ಹಿಡಿದು ನಿಂತರೆ ಸಾಕಾಗಿತ್ತು.

"ಶುಕ್ಕು ಕಾಪಿ ಮಾಡಿ ತಂದಿದೀನಿ. ಶುಂಠಿ, ಮೆಣಸು, ಅತಿಮಧುರಂ ಎಲ್ಲಾ ಹಾಕಿದೆ. ಸೂಡಾಗಿ ಕುಡೀರಿ. ತೊಂಡೆ ಅಪ್ಪಡಿಯೇ ತೆರ್ಕೊಳತ್ತೆ."

ಕಾಪಿಯ ಬಿಸಿ ಎಷ್ಟಿತ್ತೆಂದರೆ ಗಂಟಲಿನಲ್ಲಿ ಉಳಿದಿದ್ದ ಒಂದೆರಡು ಸ್ವರಗಳೂ ಆವಿಯಾಗಿ ಹೋದವು. ಹರಿದಾಸರು ಜೇಬಿನಿಂದ ಹೋಮಿಯೋಪತಿ ಸೀಸೆ ತೆಗೆದರು. "ಕೌಸಲ್ಯಾ, ನಿನ್ನ ಕಾಪಿ ಎಲ್ಲಾ ಹಳೇ ಕಾಲದ್ದು. ಇದು ಸೈನ್ಸು" ಅಂದು ಬಜೆ ಬಳಿದ ನಾಲಿಗೆಯ ಮೇಲೆ ಸಕ್ಕರೆ ಗುಳಿಗೆ ಸುರಿದರು. ಗುಳಿಗೆ ಬಜೆಗೆ ಅಂಟಿಕೊಂಡು ಅಲ್ಲೇ ಮನೆ ಮಾಡಿತು.

ಎಲ್ಲರೂ ಸುತ್ತ ನಿಂತು ಆಸೆಯಿಂದ ನೋಡುತ್ತಿದ್ದರು.

"ಏನಾದ್ರೂ ಹೇಳಿ ಮಾಷ್ಟ್ರೇ" ಅಂದರು ಅಜ್ಜಿ.

ಮೇಷ್ಟ್ರು ಉಸಿರೆಳೆದು ಬಾಯಿ ತೆರೆದರು. ಷಟರಿನ ಸದ್ದೂ ಬರಲಿಲ್ಲ.

ಆಗ ಬಂದವನು ಮೋಹನ್, ಬಳಗದ ಕಾರ್ಯದರ್ಶಿ. ಆಫೀಸಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ನಾಟಕದಲ್ಲಿ ಲಾರಿ ಡ್ರೈವರ್. ಯಾವ ಕಷ್ಟಕ್ಕೂ ಒಂದು ವ್ಯವಸ್ಥೆ ಮಾಡಬಹುದೆಂದು ನಂಬಿದವನು.

"ಡೋಂಟ್ ವರಿ ಸಾರ್. ಸಂಜೆಗೆ ಟೈಮಿದೆ. ಮೊದಲು ಪುರಸೈವಾಕ್ಕಂಗೆ ಹೋಗಿ ಕೊಡ ತರೋಣ, ದಾರೀಲಿ ಏನಾದ್ರೂ ಹೊಳೆಯತ್ತೆ" ಅಂದು ಸ್ಕೂಟರಿನ ಹಿಂದೆ ಕೂರಿಸಿಕೊಂಡ.

ಪುರಸೈವಾಕ್ಕಮ್ಮಿನ ಭಾನುವಾರದ ಜನಸಂದಣಿಯಲ್ಲಿ ಸೀರೆ ಅಂಗಡಿಗಳನ್ನು ದಾಟಿ, ಪಾತ್ರೆ ಅಂಗಡಿಯೊಂದರ ಮುಂದೆ ಗೋಪುರದಂತೆ ಪೇರಿಸಿಟ್ಟ ಪ್ಲಾಸ್ಟಿಕ್ ಕೊಡಗಳು ಸಿಕ್ಕವು. ಮೋಹನ್ ಸ್ಕೂಟರಿಗೆ ಜಾಗ ಹುಡುಕುತ್ತಾ ಮುಂದೆ ಹೋದ. ಮೇಷ್ಟ್ರು ಒಬ್ಬರೇ ನಿಂತು ಅಂಗಡಿಯಾಕೆಗೆ ಕೈಯಲ್ಲೇ ಹೇಳತೊಡಗಿದರು: ಕೆಂಪು ಬೇಡ, ಹಳದಿ ಬೇಕು, ರಂಗದ ಮೇಲೆ ದೀಪದ ಬೆಳಕಿಗೆ ಹೊಳೆಯಬೇಕು. ಮೂವತ್ತು ವರ್ಷ ರಂಗದ ಮೇಲೆ ದುಡಿದ ಕೈ. ದೀಪದ ಬೆಳಕನ್ನು ಅವರು ಬೆರಳಿನಲ್ಲಿ ಎಷ್ಟು ಚೆನ್ನಾಗಿ ಸುರಿಸಿದರೆಂದರೆ, ಆ ಹೆಂಗಸಿನ ಕಣ್ಣು ತುಂಬಿಬಂತು.

"ಪಾವಂ, ವಾಯಿ ಪೇಸ ವರಾದು ಪೋಲ" ಅಂತ ಪಕ್ಕದವಳಿಗೆ ಹೇಳಿ, ಹಳದಿ ಕೊಡಗಳ ಜೊತೆ ಒಂದು ಹಸಿರು ಚೊಂಬನ್ನು ಸುಮ್ಮನೆ ಕೊಟ್ಟಳು. ಮಾತು ಬಾರದವರು ಅಂದುಕೊಂಡಿದ್ದಾಳೆಂದು ಮೇಷ್ಟ್ರಿಗೆ ಅರ್ಥವಾಯಿತು. ಅಲ್ಲವೆಂದು ತಲೆಯಾಡಿಸಿದರು. ಸ್ವಾಭಿಮಾನಿ ಎಂದು ಮೆಚ್ಚಿ ಅವಳು ಒಂದು ಮಗ್ಗನ್ನೂ ಸೇರಿಸಿದಳು. ಮೇಷ್ಟ್ರು ಕೈಮುಗಿದರು. ಮೋಸ ಮಾಡಿದಂತೆ ನಾಚಿಕೆಯಾಗುತ್ತಿತ್ತು, ಆದರೂ ಎದೆಯೊಳಗೆ ಏನೋ ಬೆಚ್ಚಗಾಗಿತ್ತು. ಗುರುತಿಲ್ಲದ ಊರಿನಲ್ಲಿ ಗುರುತಿಲ್ಲದವಳೊಬ್ಬಳು ಅಷ್ಟು ಮರುಗಿದ್ದಳಲ್ಲ!

ವಾಪಸು ಬರುವಾಗ ಎರಡೂ ತೋಳಿಗೆ ಕೊಡಗಳನ್ನು ಕಟ್ಟಿಕೊಂಡು ಸ್ಕೂಟರಿನ ಹಿಂದೆ ಕೂತ ಮೇಷ್ಟ್ರು, ರೆಕ್ಕೆ ಬಂದ ಕುಂಬಳಕಾಯಿಯಂತೆ ಕಾಣುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗ ಮೋಹನ್‌ಗೆ ಹೊಳೆಯಿತು.

"ಸಾರ್! ಸಿಗ್ನಲ್! ನೀವು ಮಾತಾಡೋದೇ ಬೇಡ. ಪರದೆ ಸಂದಿಯಿಂದ ಸನ್ನೆ ಮಾಡಿ. ಕೆನ್ನೆ ಮುಟ್ಟಿದ್ರೆ ಅಳು. ತಲೆ ಮೇಲೆ ಕೈಯಿಟ್ರೆ ಸಿಟ್ಟು. ತೋಳು ಬೀಸಿದ್ರೆ ಲಾರಿ ಬಂತು. ಭಾವನೆ ಗೊತ್ತಾದ್ರೆ ಮಾತು ತಾನೇ ನೆನಪಾಗತ್ತೆ."

ಮಧ್ಯಾಹ್ನ ಬಳಗದ ಹಾಲಿನಲ್ಲಿ ಎಲ್ಲರಿಗೂ ಸನ್ನೆಯ ಪಾಠವಾಯಿತು. ಎಲ್ಲರೂ ಕಲಿತರು. ಸನ್ನೆ ಮಾಡಿದೊಡನೆ ಭಾವನೆ ಸರಿಯಾಗಿ ಬರುತ್ತಿತ್ತು. ಮಾತು ನೆನಪಾಗುತ್ತಿರಲಿಲ್ಲ. "ಸಂಜೆಗೆ ಬರತ್ತೆ ಬಿಡಿ" ಅಂದ ಮೋಹನ್.

ಸಂಜೆ ಹಾಲ್ ತುಂಬಿತು. ಬಳಗದವರು, ಅವರ ಪಕ್ಕದ ಮನೆಯವರು, ಅದೇ ಓಣಿಯ ತಮಿಳರು, ಮೆಟ್ಟಿಲ ಮೇಲೂ ಜನ. ಮೊದಲ ಸಾಲಿನಲ್ಲಿ ಹತ್ತಿಸೀರೆ ಉಟ್ಟು, ಕನ್ನಡಕ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತವರೇ ರತ್ನಾವತಿ. ಪರದೆಯ ಸಂದಿಯಿಂದ ಅವರನ್ನು ಕಂಡ ಮೇಷ್ಟ್ರು ಮೂರೂ ಸನ್ನೆಗಳನ್ನು ಬೆರಳಿನಲ್ಲಿ ಇನ್ನೊಮ್ಮೆ ಎಣಿಸಿಕೊಂಡರು.

ಪರದೆ ಸರಿಯಿತು. ರಂಗದ ಮೇಲೆ ಒಣಗಿದ ನಲ್ಲಿ, ಹಳದಿ ಕೊಡಗಳ ಸಾಲು, ಅದರ ಹಿಂದೆ ಕೌಸಲ್ಯಾ ಅಜ್ಜಿ ಮತ್ತು ಅಕ್ಷಯಾ. ಮನೆ ಮಾಲೀಕನ ಪಾತ್ರದ ಹರಿದಾಸರು ಗತ್ತಿನಿಂದ ನಡೆದುಬಂದರು. ಮೊದಲ ಮಾತಿಗಾಗಿ ಪರದೆಯ ಕಡೆ ವಾರೆಗಣ್ಣು ಹಾಯಿಸಿದರು.

ಎಲ್ಲವನ್ನೂ ಯೋಚಿಸಿದ್ದ ಮೋಹನ್ ಒಂದನ್ನು ಮರೆತಿದ್ದ. ಮಾಂಬಲಮ್ಮಿನ ಸೊಳ್ಳೆ.

ಸರಿಯಾಗಿ ಆ ಗಳಿಗೆಗೆ ಒಂದು ಬಂದು ಮೇಷ್ಟ್ರ ಕೆನ್ನೆಯ ಮೇಲೆ ಕೂತಿತು. ಮೇಷ್ಟ್ರು ಪಟ್ಟನೆ ಹೊಡೆದುಕೊಂಡರು. ಹರಿದಾಸರು ಬಿಕ್ಕಿಬಿಕ್ಕಿ ಅಳತೊಡಗಿದರು.

ನಾಟಕ ಶುರುವಾದೊಡನೆ ಗತ್ತಿನ ಗಂಡಸೊಬ್ಬ ಒಣಗಿದ ನಲ್ಲಿ ಹಿಡಿದು ಅಳುವುದನ್ನು ಕಂಡು ಸಭೆ ಕತ್ತು ಮುಂದಕ್ಕೆ ಚಾಚಿತು. ಮೇಷ್ಟ್ರು ಹತಾಶರಾಗಿ ತಲೆಯ ಮೇಲೆ ಕೈಹೊತ್ತರು. ಹರಿದಾಸರು ತಟ್ಟನೆ ಅಳು ನಿಲ್ಲಿಸಿ, ನಲ್ಲಿಗೆ ಬೆರಳು ತೋರಿಸಿ ಗುಡುಗಿದರು. ಸೊಪ್ಪಿನ ಬುಟ್ಟಿ ಹೊತ್ತು ಆಗತಾನೆ ಕಾಲಿಟ್ಟ ಶಿವಲಿಂಗಮ್ಮ ಹೆದರಿ ಹಿಂದಕ್ಕೆ ಹೋದರು. ಸೊಳ್ಳೆ ಈ ಸಲ ಸಂಸಾರ ಸಮೇತ ಬಂತು. ಓಡಿಸಲು ಮೇಷ್ಟ್ರು ತೋಳು ಬೀಸಿದರು.

ಬೀಸಿದ ಮೇಲೆ ಗೊತ್ತಾಯಿತು, ಏನು ಮಾಡಿದೆ ಎಂದು.

"ಪೋಂ ಪೋಂ!" ಅಂತ ಹಾರನ್ ಮಾಡುತ್ತಾ ಮೋಹನ್ ರಂಗಕ್ಕೆ ನುಗ್ಗಿದ.

ಇಡೀ ನಾಟಕ ನಿಂತಿದ್ದು ಲಾರಿ ಬರುವುದಿಲ್ಲ ಎಂಬುದರ ಮೇಲೆ. ಲಾರಿ ಮೊದಲ ದೃಶ್ಯದಲ್ಲೇ ಬಂದುಬಿಟ್ಟಿತು. ಇನ್ನೇನು ಉಳಿಯಿತು? ಮೋಹನ್ ಸ್ಟೀರಿಂಗ್ ಹಿಡಿದ ಕೈಯಲ್ಲೇ ಕಲ್ಲಾಗಿ ನಿಂತ. ಹರಿದಾಸರ ಬಾಯಿ ತೆರೆದೇ ಇತ್ತು. ಎಲ್ಲರ ಕಣ್ಣೂ ಪರದೆಯ ಕಡೆ ತಿರುಗಿತು. ಮೇಷ್ಟ್ರು ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು, ಇನ್ನು ಯಾವ ಭಾವನೆಯೂ ಹುಟ್ಟದಿರಲಪ್ಪಾ ಎಂದು ಕಣ್ಣು ಮುಚ್ಚಿಕೊಂಡರು. ತಾಂಬರಮ್ಮಿನ ಕೆಲಸ ಆ ಕತ್ತಲಲ್ಲಿ ರೈಲು ಹತ್ತಿ ಹೋದದ್ದು ಅವರಿಗೆ ಕಾಣಿಸಿತು.

ಆಗ ಕೌಸಲ್ಯಾ ಅಜ್ಜಿ ಪರದೆಗೆ ಬೆನ್ನು ತಿರುಗಿಸಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡ ಎತ್ತಿಕೊಂಡು ನೇರವಾಗಿ ಮೋಹನ್ ಎದುರಿಗೆ ಹೋಗಿ ನಿಂತರು.

"ಏನಪ್ಪಾ, ಲಾರಿ ಬಂತು, ಸರಿ. ತಣ್ಣಿ ಎಲ್ಲಿ?"

ಮೋಹನ್ ಹಿಂದೆ ತಿರುಗಿ ಇಲ್ಲದ ಲಾರಿಯನ್ನು ನೋಡಿದ. "ತಣ್ಣಿ... ಇಲ್ಲ ಅಜ್ಜಿ. ಖಾಲಿ ಲಾರಿ."

"ಖಾಲಿ ಲಾರೀನ ಏನಕ್ಕಪ್ಪಾ ತಂದೆ? ನೋಡಿ ಸಂತೋಷ ಪಡ್ಲಿ ಅಂತಲೋ?"

ಹಾಲಿನ ಹಿಂದಿನ ಸಾಲಿನಿಂದ ಒಂದು ನಗು ಸಿಡಿಯಿತು. ಆಮೇಲೆ ಎಲ್ಲ ಸಾಲೂ ನಕ್ಕಿತು. ಅಜ್ಜಿಗೆ ನಗು ಕೇಳಿಸಿತು. ಎಪ್ಪತ್ತರ ಆ ಮುಖ ಸಣ್ಣಗೆ ಅರಳಿದ್ದನ್ನು ಮೇಷ್ಟ್ರು ಪರದೆಯ ಸಂದಿಯಿಂದ ಕಂಡರು.

"ನಗ್ತೀರಾ? ನಗಿ. ನಾನು ಮದುವೆ ಆಗಿ ಈ ಮಾಂಬಲಂಗೆ ಬಂದಾಗ ನಲ್ಲೀನೂ ಇಲ್ಲ, ಲಾರೀನೂ ಇಲ್ಲ. ತೆರು ಮೂಲೇಲಿ, ಬೀದಿ ಕೊನೇಲಿ, ಕೈಯಲ್ಲಿ ಹೊಡಿಯೋ ಒಂದು ಅಡಿಪಂಪು. ಬೆಳಗ್ಗೆ ಎದ್ದು ಹೋಗಿ ಸಾಲಲ್ಲಿ ನಿಂತ್ಕೋತಿದ್ದೆ." ಅವರು ಹರಿದಾಸರ ಕಡೆ ತಿರುಗಿದರು. ಮನೆ ಮಾಲೀಕನ ಪಾತ್ರದ ಕಡೆಗಲ್ಲ, ಗಂಡನ ಕಡೆಗೇ. "ನಮ್ಮನೆ ದೊರೆ ಆಗ ಗೊರಕೆ ಹೊಡ್ಕೊಂಡು ತೂಂಗ್ತಾ ಇರ್ತಿದ್ರು. ಎದ್ದ ಕೂಡ್ಲೇ ಕೇಳೋರು, ವೆನ್ನೀರು ಕಾದಿದೆಯಾ ಅಂತ. ನೀರು ಎಲ್ಲಿಂದ ಬಂತು ಅಂತ ಒಂದು ದಿನ ಕೇಳಿದ್ರಾ? ಕೇಳಿ ನೀವೇ!"

ಸಭೆಯಲ್ಲಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ತಮಿಳು ಹೆಂಗಸರು ಇನ್ನೂ ಜೋರಾಗಿ ತಟ್ಟಿದರು. ಅವರಿಗೆ ಒಂದಕ್ಷರವೂ ಅರ್ಥವಾಗದೆ ಉಳಿದಿರಲಿಲ್ಲ. ಹರಿದಾಸರು ಕೆನ್ನೆ ಮುಟ್ಟುವ ಸನ್ನೆಗಾಗಿ ಪರದೆಯ ಕಡೆ ನೋಡಲಿಲ್ಲ. ಅವರ ಕಣ್ಣಿಗೆ ನೀರು ತಾನೇ ಬಂದಿತ್ತು.

"ಕೇಳಲಿಲ್ಲ ಕೌಸಲ್ಯಾ" ಅಂದರು, ಆಫೀಸಿನ ಗತ್ತೆಲ್ಲ ಕಳಚಿಬಿದ್ದ ದನಿಯಲ್ಲಿ. "ನೀನು ಹೊತ್ತ ನೀರಲ್ಲೇ ಸ್ನಾನ ಮಾಡಿ ಇಡೀ ಸರ್ವಿಸು ಮುಗಿಸಿದೆ. ಪಂಪಿನ ಹತ್ರ ಒಂದು ಸಲಾನೂ ಬಂದು ನಿಲ್ಲಲಿಲ್ಲ. ನಾನು ಮಾಡಿದ್ದು ತಪ್ಪು. ಕೊಡ ಇಲ್ಲಿ ಕೊಡು."

ಅವರು ಕೈ ಚಾಚುವ ಮೊದಲೇ ಅಕ್ಷಯಾ ಅಡ್ಡ ಬಂದಳು. ಕೊಡ ಹಿಡಿದು ಸುಮ್ಮನೆ ನಿಲ್ಲಬೇಕಾದವಳು.

"ನೀವು ಬೇಡ ತಾತಾ, ನಿಮಗೆ ಬೆನ್ನು ನೋವು. ಅಜ್ಜೀ, ಆ ಕೊಡ ನನಗೆ ಕೊಡು. ನಾನು ಹೊತ್ಕೋತೀನಿ."

ಮೊಮ್ಮಗಳು ಅಜ್ಜೀ ಅಂದದ್ದು ಕೌಸಲ್ಯಾ ಅವರ ಕಿವಿಗೆ ಅದೇ ಮೊದಲು. ಮನೆಯಲ್ಲಿ ಯಾವಾಗಲೂ ಪಾಟಿ. ಅವರು ಕೊಡವನ್ನು ಕೊಡಲಿಲ್ಲ, ಕೊಡದ ಜೊತೆಗೇ ಹುಡುಗಿಯನ್ನು ತಬ್ಬಿಕೊಂಡರು. ಶಿವಲಿಂಗಮ್ಮ ಬುಟ್ಟಿ ಕೆಳಗಿಟ್ಟು ಬಂದರು. "ನೀರಿಲ್ದಿದ್ರೆ ವೋಗ್ಲಿ ಬುಡಿ, ನಮ್ಮನೇಲಿ ಅರ್ಧ ಕೊಡ ಅದೆ, ಎಲ್ರೂ ಅಂಚ್ಕಳವ" ಅಂದು ಖಾಲಿ ಲಾರಿಯ ಡ್ರೈವರಿಗೇ ಮೊದಲ ಚೊಂಬು ಕೊಟ್ಟರು. ಅಲ್ಲಿಂದ ಮುಂದೆ ಯಾರು ಏನು ಮಾತಾಡಿದರೋ, ಯಾರಿಗೂ ಯಾರೂ ಹೇಳಿಕೊಡಲಿಲ್ಲ. ನಾಟಕ ಮಾತ್ರ ಎಲ್ಲಿಯೂ ನಿಲ್ಲಲಿಲ್ಲ.

ಪರದೆಯ ಹಿಂದೆ ಮೇಷ್ಟ್ರು ಒಂದು ಕಬ್ಬಿಣದ ಕುರ್ಚಿಯ ಮೇಲೆ ಕೂತು ಕೇಳುತ್ತಿದ್ದರು. ಸೊಳ್ಳೆಗಳು ಹಬ್ಬ ಮಾಡುತ್ತಿದ್ದವು. ಅವರಿಗೆ ಗೊತ್ತಾಗುತ್ತಿರಲಿಲ್ಲ. ಇಷ್ಟು ತಿಂಗಳು ಇವರ ಬಾಯಿಂದ ತನ್ನ ದನಿಯನ್ನೇ ಕೇಳುತ್ತಾ, ಚೆನ್ನಾಗಿದೆ ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೆನಲ್ಲ ಎಂದು ನೆನೆದು ನಗು ಬಂತು. ಮನಸ್ಸಿನಲ್ಲೇ ಒಬ್ಬೊಬ್ಬರಿಗೂ ಕೈಮುಗಿದರು. ಬಜೆ ಬಳಿದವರಿಗೂ.

ಪರದೆ ಬಿದ್ದಾಗ ಜನ ಎದ್ದು ನಿಂತಿದ್ದರು. ರತ್ನಾವತಿ ನೇರವಾಗಿ ರಂಗದ ಮೇಲೆ ಬಂದರು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

"ಎಷ್ಟೋ ನಾಟಕ ನೋಡಿದೀನಿ. ಇಷ್ಟು ಸಹಜವಾದ ಮಾತು ಕೇಳಿರಲಿಲ್ಲ. ಯಾರು ಬರೆದದ್ದು?"

"ಇವರೇ, ನಮ್ಮ ಮಾಷ್ಟ್ರು" ಎಂದು ಕೌಸಲ್ಯಾ ಅಜ್ಜಿ ಅಂದಾನಿಯವರ ಕೈ ಹಿಡಿದು ಮುಂದಕ್ಕೆ ತಂದರು.

"ಓ, ನೀವಾ! ಸೊಳ್ಳೆ ಹೊಡೀತಾ ಇದ್ದಿರಲ್ಲ, ನಾನು ಹಾಲಿನ ವಾಚ್‌ಮನ್ ಅಂದ್ಕೊಂಡೆ. ಹೇಳಿ, ಆ ಖಾಲಿ ಲಾರಿ ನಿಮಗೆ ಹೇಗೆ ಹೊಳೀತು?"

ಮೇಷ್ಟ್ರು ಬಾಯಿ ತೆರೆದರು. ಬೆಳಗಿನಿಂದ ತಿಂದದ್ದು ಕುಡಿದದ್ದರಲ್ಲಿ ಯಾವುದು ಕೆಲಸ ಮಾಡಿತೋ, ಆ ಸಂಜೆಯ ವಿಶ್ರಾಂತಿಯೇ ಸಾಕಾಯಿತೋ, ದನಿ ಮರಳಿ ಬಂದಿತ್ತು. ಮರಳಿ ಬಂದದ್ದು ಸತ್ಯ ಹೇಳಲು.

"ಅದು ನಂದಲ್ಲ ಮೇಡಂ. ಲಾರಿ ಡ್ರೈವರ್ ಮೋಹನ್ ತಾನೇ ಹೇಳಿದ್ದು."

"ಅಡಿಪಂಪಿನ ಮಾತು?"

"ಅದೂ ನಂದಲ್ಲ, ಕೌಸಲ್ಯಮ್ಮನವರದ್ದು."

"ಆ ಹುಡುಗಿ ಕೊಡ ಕೇಳಿದ್ದು?"

"ಆ ಪಾತ್ರಕ್ಕೆ ನಾನು ಮಾತೇ ಬರೆದಿರಲಿಲ್ಲ."

ಮೋಹನ್ ಹಿಂದಿನಿಂದ ಮೇಷ್ಟ್ರ ಅಂಗಿ ಜಗ್ಗುತ್ತಿದ್ದ. ಅನು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು. ರತ್ನಾವತಿಯವರ ಹುಬ್ಬು ಗಂಟಾಯಿತು. "ಹಾಗಾದ್ರೆ ನೀವು ಬರೆದದ್ದು ಯಾವುದು? ಒಂದು ಮಾತು ಹೇಳಿ ನೋಡೋಣ."

ಮೇಷ್ಟ್ರು ಎದೆಯುಬ್ಬಿಸಿದರು. ದಿನವಿಡೀ ಕಟ್ಟಿಹಾಕಿದ್ದ ಕಂಠ ತುಂಬಿ ಹರಿಯಿತು: "ಹೇ ಮೇಘಮಾಲೆಯೇ, ಈ ತೃಷಿತ ಜನಪದದ ಮೊರೆಯನಾಲಿಸದೆ ನೀನೆತ್ತ ಸರಿದಪೆ!"

ಬಾಗಿಲವರೆಗೆ ಹೋಗಿದ್ದ ಜನ ಬೆಚ್ಚಿ ತಿರುಗಿ ನೋಡಿದರು. ರತ್ನಾವತಿ ಕನ್ನಡಕ ಮತ್ತೆ ಏರಿಸಿಕೊಂಡರು.

"ಇದು ಇವತ್ತು ಯಾವ ಸೀನಲ್ಲಿ ಬಂತು?"

"ಬರಲಿಲ್ಲ ಮೇಡಂ."

"ಪುಣ್ಯ" ಅಂದರು ರತ್ನಾವತಿ. ಆಮೇಲೆ ಕೌಸಲ್ಯಾ ಅಜ್ಜಿಯ ಕಡೆ ತಿರುಗಿದರು. "ಅಮ್ಮಾ, ನಮ್ಮ ಶಾಲೆ ಮಕ್ಕಳು ಮನೇಲಿ ಒಂದು ಭಾಷೆ, ಬೀದೀಲಿ ಒಂದು, ಕ್ಲಾಸಲ್ಲಿ ಒಂದು ಮಾತಾಡ್ತಾರೆ. ಸ್ಟೇಜಿಗೆ ಹತ್ತಿಸಿದ್ರೆ ಯಾವುದೂ ಬರಲ್ಲ. ಅವರ ಬಾಯಿ ಬಿಡಿಸೋಕೆ ನಿಮ್ಮಂಥೋರು ಬೇಕು. ವಾರಕ್ಕೆರಡು ದಿನ ಬಂದು ನಾಟಕ ಕಲಿಸ್ತೀರಾ?"

ಕೌಸಲ್ಯಾ ಅಜ್ಜಿ ಹಿಂದೆ ನೋಡಿದರು, ಬೇರೆ ಯಾರಿಗಾದರೂ ಹೇಳಿದರೋ ಎಂದು. "ನಾನೋ? ನಾನ್ ಏನಮ್ಮಾ ಕಲಿಸ್ಲಿ? ಇವರು ನಮ್ಮನ್ನೆಲ್ಲ ಮನೆಯಿಂದ ಎಳ್ಕೊಂಡು ಬಂದು ಇಲ್ಲಿ ನಿಲ್ಲಿಸದೇ ಇದ್ರೆ ನಾನು ಈ ಹೊತ್ತಿಗೆ ಸೀರಿಯಲ್ ನೋಡ್ತಾ ಕೂತಿರ್ತಿದ್ದೆ. ಕಲಿಸೋ ವೇಲೆ ಏನಿದ್ರೂ ಇವರಿಗೆ ಕೊಡಿ." ಹಾಗೆನ್ನುವಾಗಲೂ ಅವರ ಕೈ ಸೆರಗಿನ ಅಂಚನ್ನು ತಿರುವುತ್ತಿತ್ತು. "ಚಿಕ್ಕೋಳಿದ್ದಾಗ ಟೀಚರ್ ಆಗ್ಬೇಕು ಅಂತ ರೊಂಬ ಆಸೆ ಇತ್ತು, ನಿಜ. ಮದುವೆ ಮಾಡಿಬಿಟ್ರು. ಆ ಕಾಲ ಮುಗೀತು."

ಹರಿದಾಸರು ಹೊಸಬಳೊಬ್ಬಳನ್ನು ಕಂಡಂತೆ ಹೆಂಡತಿಯನ್ನು ನೋಡಿದರು. ಆ ಆಸೆಯ ಸುದ್ದಿ ಅವರಿಗೂ ಅದೇ ಮೊದಲು.

ಮೇಷ್ಟ್ರು ಅನುವಿನ ಕಡೆ ನೋಡಿದರು. ಅನು ನಿಟ್ಟುಸಿರು ಬಿಟ್ಟಳು, ಆಮೇಲೆ ನಕ್ಕು ತಲೆಯಾಡಿಸಿದಳು. ಮೇಷ್ಟ್ರು ಅಜ್ಜಿಯ ಎದುರಿಗೆ ಬಂದು ನಿಂತರು.

"ಅಮ್ಮಾ, ನೀವು ಒಪ್ಕೋಬೇಕು. ಇವತ್ತು ನೀವು ಮಾತಾಡದೇ ಇದ್ದಿದ್ರೆ ನಾನು ಇನ್ನೂ ಹತ್ತು ವರ್ಷ ಪರದೆ ಹಿಂದೆ ನಿಂತು ಪಿಸುಗುಟ್ತಾನೇ ಇರ್ತಿದ್ದೆ. ಹೋಗಿ ಕಲಿಸಿ. ನನ್ನಾಣೆ."

ಅಜ್ಜಿಯ ಕಣ್ಣು ತುಂಬಿತು. "ಆಗ್ಲಿ. ಆದ್ರೆ ತಾಂಬರಂ ಟ್ರೈನಲ್ಲಿ ನಾನ್ ಒಬ್ಬಳೇ ಹೋಗಲ್ಲ. ಮಾಷ್ಟ್ರೂ ಜೊತೇಲಿ ಬರ್ಬೇಕು. ಇಲ್ಲಾಂದ್ರೆ ವೇಲೇನೇ ಬೇಡ."

"ಧಾರಾಳವಾಗಿ ಬರಲಿ" ಅಂದರು ರತ್ನಾವತಿ. "ಕ್ಲಾಸಲ್ಲಿ ಮಾತ್ರ ಆ ಮೇಘಮಾಲೆ ಗೀಘಮಾಲೆ ಬೇಡ. ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತಿರಲಿ."

ಅಲ್ಲೇ ಮೊಬೈಲ್ ತೆಗೆದು ಶಾಲೆಯ ಗೇಟಿನವನಿಗೆ ಫೋನ್ ಮಾಡಿದರು. "ಅಣ್ಣಾ, ಈ ವಾರದಿಂದ ಹೊಸ ಡ್ರಾಮಾ ಟೀಚರ್ ವರಾಂಗ, ಕೌಸಲ್ಯಾ ಮೇಡಂ. ಅವಂಗಳೋಡ ಒರುತ್ತರ್ ವರುವಾರ್, ಅವರೈಯುಂ ಉಳ್ಳೆ ವಿಡುಂಗ." ಮೇಡಂ ಜೊತೆ ಬರುವವರನ್ನೂ ಒಳಗೆ ಬಿಡಬೇಕೆಂಬ ಆ ಮಾತಿಗೆ ಆ ಕಡೆಯಿಂದ ಏನೋ ಪ್ರಶ್ನೆ ಬಂತು. ರತ್ನಾವತಿ ಫೋನ್ ಸರಿಸಿ, ಅಂದಾನಿ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ಮನ್ನ ಯಾರು ಅಂತ ಹೇಳ್ಲಿ? ಕೇಳ್ತಾ ಇದ್ದಾನೆ."

"ಸ್ಟೂಡೆಂಟ್ ಅನ್ನಿ ಮೇಡಂ" ಅಂದರು ಮೇಷ್ಟ್ರು.